ಅಟ್ಲಾಸ್ ಪತಂಗ: ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆ ಹಿಡಿದು ಸ್ವಲ್ಪ ದಿನ ಆಯ್ತು ಅಂದ್ರೆ ಮಲೆನಾಡು, ಕೊಡಗು, ಕರಾವಳಿ ಕಡೆಯಿಂದ ಒಂದೇ ಥರದ ಫೋಟೋಗಳು ಬರೋಕೆ ಶುರುವಾಗತ್ತೆ. ಗೋಡೆ ಮೇಲೆ ಅಂಗೈಗಿಂತ ದೊಡ್ಡದಾಗಿ ರೆಕ್ಕೆ ಹರಡಿಕೊಂಡು ಕೂತಿರೋ ಕೆಂಪು-ಕಂದು ಜೀವ, ಪಕ್ಕದಲ್ಲಿ ಸೈಜ್ ಗೊತ್ತಾಗ್ಲಿ ಅಂತ ಯಾರದ್ದೋ ಕೈ. ಜೊತೆಗೆ ಬರೋ ಪ್ರಶ್ನೆಗಳೂ ಹೆಚ್ಚುಕಮ್ಮಿ ಅವೇ, ಅದಕ್ಕೆ ಎಲ್ಲವನ್ನೂ ಒಂದೇ ಕಡೆ ಬರೆದಿದೀನಿ. ಗೋಡೆ ಮೇಲಿನ ಪತಂಗಕ್ಕಿಂತ ಗಿಡದ ಮೇಲಿನ ಹುಳದ ಬಗ್ಗೆ ಇಲ್ಲಿ ಜಾಸ್ತಿ ಇದೆ ಅಂತ ಅನ್ನಿಸಬಹುದು. ಅದು ಬೇಕಂತಲೇ ಮಾಡಿರೋದು, ಯಾಕೆ ಅಂತ ಓದ್ತಾ ಗೊತ್ತಾಗತ್ತೆ.

ಗೋಡೆ ಮೇಲೆ ಇಷ್ಟು ದೊಡ್ಡ ಚಿಟ್ಟೆ ಕೂತಿದೆ, ಏನಿದು?

ಇದು ಚಿಟ್ಟೆ ಅಲ್ಲ, ಅಟ್ಲಾಸ್ ಪತಂಗ. ಇಟ್ಟಿಗೆ ಬಣ್ಣಕ್ಕೆ ಹತ್ತಿರದ ಕೆಂಪು-ಕಂದು ರೆಕ್ಕೆ, ನಾಲ್ಕು ರೆಕ್ಕೆಗಳ ನಡುವೆಯೂ ಒಂದೊಂದು ತ್ರಿಕೋನದ ಆಕಾರದ ಪಾರದರ್ಶಕ ಜಾಗ, ಅದರ ಸುತ್ತ ಕಪ್ಪು ಅಂಚು, ಬಿಳಿ ಮತ್ತು ತಿಳಿಗುಲಾಬಿ ಅಡ್ಡಗೆರೆಗಳು, ಮುಂದಿನ ರೆಕ್ಕೆಗಳ ತುದಿ ಕೊಕ್ಕೆ ಥರ ಬಾಗಿ ಹಾವಿನ ತಲೆ ಹಾಗೆ ಕಾಣೋದು, ಇಷ್ಟಿದ್ರೆ ಬೇರೆ ಯಾವುದೂ ಆಗೋಕೆ ಸಾಧ್ಯ ಇಲ್ಲ. ಆ ತ್ರಿಕೋನದ ಜಾಗದಲ್ಲಿ ರೆಕ್ಕೆಗೆ ಬಣ್ಣ ಕೊಡೋ ಹುರುಪೆಗಳೇ ಇರಲ್ಲ, ಹಾಗಾಗಿ ಅದರ ಮೂಲಕ ಹಿಂದಿನ ಗೋಡೆಯೇ ಕಾಣತ್ತೆ. ಸ್ಯಾಟರ್ನಿಡೇ ಅನ್ನೋ ಕುಟುಂಬಕ್ಕೆ ಸೇರಿದ್ದು, ಟಸರ್, ಮೂಗಾ, ಏರಿ ರೇಷ್ಮೆ ಕೊಡೋ ಪತಂಗಗಳೂ ಇದೇ ಕುಟುಂಬದವು.

ಚಿಟ್ಟೆ ಅಲ್ಲ ಅಂತ ಹೇಗೆ ಹೇಳ್ತೀರಿ?

ಮೀಸೆ ನೋಡಿ. ಚಿಟ್ಟೆಗಳ ಮೀಸೆ ಕಡ್ಡಿ ಥರ ಇದ್ದು ತುದಿಯಲ್ಲಿ ಒಂದು ಗುಂಡು ಇರತ್ತೆ, ಇದರದ್ದು ಹಕ್ಕಿ ಗರಿ ಥರ ಎರಡೂ ಕಡೆ ಎಳೆಎಳೆಯಾಗಿ ಹರಡಿರತ್ತೆ. ಮೈ ದಪ್ಪ, ರೋಮ ಜಾಸ್ತಿ, ಓಡಾಟ ರಾತ್ರಿ.

ಪ್ರಪಂಚದಲ್ಲೇ ದೊಡ್ಡ ಪತಂಗ ಇದೇನಾ?

ಅತಿ ದೊಡ್ಡವುಗಳಲ್ಲಿ ಒಂದು ಅನ್ನೋದು ಸರಿಯಾದ ಉತ್ತರ. ಚೆನ್ನಾಗಿ ಬೆಳೆದ ಹೆಣ್ಣು ಅಟ್ಲಾಸ್ ರೆಕ್ಕೆ ಬಿಚ್ಚಿದ್ರೆ ಈ ತುದಿಯಿಂದ ಆ ತುದಿಗೆ 24 ಸೆಂ.ಮೀ. ವರೆಗೂ ಬರತ್ತೆ, ನಮಗೆ ಕಾಣಸಿಗೋ ಸುಮಾರು ಪತಂಗಗಳು ಅದಕ್ಕಿಂತ ಸಣ್ಣವೇ. ರೆಕ್ಕೆ ಅಗಲದಲ್ಲಿ ದಕ್ಷಿಣ ಅಮೆರಿಕದ ವೈಟ್ ವಿಚ್ ಅನ್ನೋ ಪತಂಗ ಇದಕ್ಕಿಂತ ಮುಂದೆ ಇದೆ, ಆದ್ರೆ ಅದರ ರೆಕ್ಕೆ ಸಪೂರ. ರೆಕ್ಕೆಯ ಒಟ್ಟು ವಿಸ್ತೀರ್ಣ ಲೆಕ್ಕ ಹಾಕಿದ್ರೆ ಅಟ್ಲಾಸ್ ಮತ್ತು ಆಸ್ಟ್ರೇಲಿಯಾ-ನ್ಯೂಗಿನಿ ಕಡೆಯ ಹರ್ಕ್ಯುಲಿಸ್ ಪತಂಗದ ನಡುವೆ ಪೈಪೋಟಿ. ಸುದ್ದಿಯಲ್ಲಿ ಪ್ರತಿ ಸಲ ‘ವಿಶ್ವದ ಅತಿ ದೊಡ್ಡ ಚಿಟ್ಟೆ ಪತ್ತೆ’ ಅಂತ ಬರತ್ತಲ್ಲ, ಅದರಲ್ಲಿ ಚಿಟ್ಟೆ ಅನ್ನೋದೂ ತಪ್ಪು, ಅತಿ ದೊಡ್ಡ ಅನ್ನೋದೂ ಪೂರ್ತಿ ಸರಿ ಇಲ್ಲ.

ನಮ್ಮ ಕಡೆ ಇರೋದು ಅದೇ ಅಟ್ಲಾಸಾ ಅಥವಾ ಬೇರೆ ಜಾತಿನಾ?

ಹತ್ತಿರದ ಸಂಬಂಧಿ. ಲಿನೇಯಸ್ 1758ರಲ್ಲಿ ಹೆಸರಿಟ್ಟ ಅಟಾಕಸ್ ಅಟ್ಲಾಸ್ ಹಿಮಾಲಯದ ತಪ್ಪಲು, ಈಶಾನ್ಯ ರಾಜ್ಯಗಳಿಂದ ಹಿಡಿದು ಥೈಲ್ಯಾಂಡ್, ಮಲೇಷ್ಯಾ, ಇಂಡೋನೇಷ್ಯಾ ತನಕ ಹರಡಿದೆ. ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿರೋದು ಅಟಾಕಸ್ ತಪ್ರೊಬಾನಿಸ್, ಇದನ್ನ ಫ್ರೆಡ್ರಿಕ್ ಮೂರ್ 1882ರಲ್ಲಿ ವಿವರಿಸಿದ್ರು. ನೋಡೋಕೆ ಎರಡೂ ಒಂದೇ ಥರ, ಜೀವನಚಕ್ರವೂ ಒಂದೇ ಥರ, ಅದಕ್ಕೇ ಜನ ಎರಡನ್ನೂ ಅಟ್ಲಾಸ್ ಅಂತಲೇ ಕರೀತಾರೆ. ಕೆಳಗೆ ಬರೆದಿರೋ ಅಳತೆ, ದಿನಗಳ ಲೆಕ್ಕ ಎಲ್ಲ ಅಂದಾಜು ಅಂತ ಇಟ್ಕೊಳ್ಳಿ, ಹವಾಮಾನ ಮತ್ತು ಮೇವಿನ ಮೇಲೆ ಅದು ಹಿಂದೆಮುಂದೆ ಆಗ್ತಾನೇ ಇರತ್ತೆ.

ಕರ್ನಾಟಕದಲ್ಲಿ ಎಲ್ಲೆಲ್ಲಿ ಸಿಗತ್ತೆ? ದಟ್ಟ ಕಾಡೇ ಬೇಕಾ?

ಪಶ್ಚಿಮ ಘಟ್ಟದ ಉದ್ದಕ್ಕೂ ಇದೆ. ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ, ಹಾಸನದ ಸಕಲೇಶಪುರ ಕಡೆ, ಕೊಡಗು. ನಿತ್ಯಹರಿದ್ವರ್ಣ ಕಾಡು, ತೇವ ಇರೋ ಎಲೆಯುದುರುವ ಕಾಡು ಇದರ ಮೂಲ ಜಾಗ, ಆದ್ರೆ ದಟ್ಟ ಕಾಡೇ ಬೇಕು ಅಂತೇನಿಲ್ಲ. ಕಾಡಂಚಿನ ಸೊಪ್ಪಿನ ಬೆಟ್ಟ, ನೆರಳಿನ ಮರ ಉಳಿಸಿಕೊಂಡಿರೋ ಕಾಫಿ ತೋಟ, ಅಡಿಕೆ ತೋಟದ ಬೇಲಿ ಸಾಲು, ಮನೆ ಹಿಂದಿನ ಹಿತ್ತಲು, ಇಲ್ಲೆಲ್ಲ ಇದು ಬದುಕತ್ತೆ. ಅದಕ್ಕೆ ಬೇಕಾಗಿರೋದು ಎರಡೇ, ಹುಳಕ್ಕೆ ತಿನ್ನೋಕೆ ಸರಿಯಾದ ಎಲೆ ಮತ್ತು ಗಾಳಿಯಲ್ಲಿ ಸಾಕಷ್ಟು ತೇವ. ಬಯಲುಸೀಮೆ ಒಣಗಾಳಿಯಲ್ಲಿ ಇದು ಕಾಣೋದು ತುಂಬಾ ಕಮ್ಮಿ.

ಒಂದು ಮಾತು ಇಲ್ಲೇ ಹೇಳ್ಬಿಡ್ತೀನಿ. ತೋಟದಲ್ಲಿ ಬೇಲಿ ಅಂದ್ರೆ ಈಗ ಎಲ್ಲರೂ ತಂತಿ ಅಂತಲೇ ಅಂದ್ಕೊಳ್ತಾರೆ. ನಾಲ್ಕಾರು ಜಾತಿ ಗಿಡ ಬೆಳೆದು ಹೆಣೆದುಕೊಂಡಿದ್ದ ಹಳೇ ಜೀವಂತ ಬೇಲಿ ಇದೆಯಲ್ಲ, ಇಂಥ ಪತಂಗಗಳ ಮಟ್ಟಿಗೆ ಅದೇ ಒಂದು ಸಣ್ಣ ಕಾಡು.

ಯಾವ ಟೈಮಲ್ಲಿ ಹೆಚ್ಚು ಕಾಣತ್ತೆ?

ಮಳೆಗಾಲದಲ್ಲಿ ಮತ್ತು ಮಳೆ ಕಮ್ಮಿಯಾದ ಮೇಲಿನ ತಿಂಗಳುಗಳಲ್ಲಿ. ಬೇಸಿಗೆಯ ಒಣಹವೆಯನ್ನ ಸಾಮಾನ್ಯವಾಗಿ ಗೂಡೊಳಗೇ ಕಳೆದುಬಿಡತ್ತೆ.

ಇದಕ್ಕೆ ಬಾಯೇ ಇಲ್ಲ ಅಂತಾರೆ, ನಿಜಾನಾ?

ನಿಜ. ಪತಂಗವಾಗಿ ಹೊರಗೆ ಬಂದ ಮೇಲೆ ತಿನ್ನೋಕೆ, ಹೀರೋಕೆ ಕೆಲಸಕ್ಕೆ ಬರೋ ಬಾಯಿ ಅದಕ್ಕಿರಲ್ಲ, ಹೂವಿನ ರಸ ಹೀರೋ ಕೊಳವೆ ಬೆಳೆದೇ ಇರಲ್ಲ. ಹುಳ ಆಗಿದ್ದಾಗ ತಿಂದು ಕೂಡಿಟ್ಟ ಕೊಬ್ಬು ಏನಿದೆಯೋ ಅಷ್ಟರಲ್ಲೇ ಪೂರ್ತಿ ಜೀವನ ನಡೀಬೇಕು, ಹಾರೋದು, ಜೊತೆ ಹುಡುಕೋದು, ಮೊಟ್ಟೆ ಇಡೋದು ಎಲ್ಲ. ಅದಕ್ಕೇ ಹಗಲು ಪೂರ್ತಿ ಅಲ್ಲಾಡದೆ ಕೂತಿರತ್ತೆ, ಸುಸ್ತಾಗಿದೆ ಹುಷಾರಿಲ್ಲ ಅಂತಲ್ಲ, ಇರೋ ಶಕ್ತಿ ಉಳಿಸಿಕೊಳ್ತಿದೆ ಅಷ್ಟೆ. ಹಾಗಾಗಿ ದಯವಿಟ್ಟು ಸಕ್ಕರೆ ನೀರು, ಜೇನುತುಪ್ಪ, ಹಣ್ಣಿನ ಹೋಳು ಇಡಬೇಡಿ. ಇಡೋರು ಪ್ರೀತಿಯಿಂದಲೇ ಇಡ್ತಾರೆ ಅಂತ ಗೊತ್ತು, ಆದ್ರೆ ಅದಕ್ಕೆ ಕುಡಿಯೋಕೆ ಆಗಲ್ಲ, ಅಂಟು ರೆಕ್ಕೆಗೆ ಕಾಲಿಗೆ ಮೆತ್ತಿಕೊಳ್ಳತ್ತೆ, ವಾಸನೆಗೆ ಇರುವೆ ಬರತ್ತೆ, ಆಮೇಲೆ ಆ ಇರುವೆಗಳೇ ಅದನ್ನ ಮುಗಿಸ್ತಾವೆ.

ಹಾಗಾದ್ರೆ ಎಷ್ಟು ದಿನ ಬದುಕತ್ತೆ?

ಪತಂಗವಾಗಿ ಒಂದು ವಾರ, ಜಾಸ್ತಿ ಅಂದ್ರೆ ಎರಡು ವಾರ. ಆದ್ರೆ ಮೊಟ್ಟೆಯಿಂದ ಲೆಕ್ಕ ಹಾಕಿದ್ರೆ ಎರಡೂವರೆ ಮೂರು ತಿಂಗಳ ಜೀವ ಅದು, ಗೂಡಲ್ಲಿ ಬೇಸಿಗೆ ಕಳೆಯೋ ತಲೆಮಾರಾದ್ರೆ ಇನ್ನೂ ಜಾಸ್ತಿ. ನಾವು ಗೋಡೆ ಮೇಲೆ ನೋಡೋದು ಕೊನೆಯ ಕೆಲವೇ ದಿನಗಳನ್ನ.

ಗಂಡು ಯಾವುದು, ಹೆಣ್ಣು ಯಾವುದು?

ಮತ್ತೆ ಮೀಸೆಯೇ ನೋಡಬೇಕು. ಗಂಡಿನ ಮೀಸೆ ಅಗಲ, ದಟ್ಟವಾದ ಗರಿ ಥರ. ಹೆಣ್ಣಿನ ಮೀಸೆಯಲ್ಲೂ ಎಳೆಗಳಿರತ್ತೆ ಆದ್ರೆ ಸಣ್ಣವು. ಹೆಣ್ಣು ಸೈಜಲ್ಲಿ ದೊಡ್ಡದು, ಹೊಟ್ಟೆ ತುಂಬ ಮೊಟ್ಟೆ ಇರೋದ್ರಿಂದ ದಪ್ಪ. ಗಂಡಿನ ಮುಂದಿನ ರೆಕ್ಕೆ ಸ್ವಲ್ಪ ಸಪೂರ, ತುದಿ ಜಾಸ್ತಿ ಬಾಗಿರತ್ತೆ.

ಕತ್ತಲಲ್ಲಿ ಗಂಡು ಹೆಣ್ಣನ್ನ ಹೇಗೆ ಹುಡುಕತ್ತೆ?

ವಾಸನೆಯಿಂದ. ಹೆಣ್ಣು ಗೂಡಿಂದ ಹೊರಗೆ ಬಂದು ರೆಕ್ಕೆ ಒಣಗಿಸಿಕೊಂಡ ಮೇಲೆ ದೂರ ಎಲ್ಲೂ ಹೋಗಲ್ಲ, ಆ ಗೂಡಿನ ಹತ್ತಿರವೇ ಎಲ್ಲಾದ್ರೂ ಕೂತು ರಾತ್ರಿ ಹೊಟ್ಟೆಯ ತುದಿಯ ಗ್ರಂಥಿಯನ್ನ ಹೊರಗೆ ಚಾಚಿ ಫೆರಮೋನ್ ಬಿಡತ್ತೆ. ನಮ್ಮ ಮೂಗಿಗೆ ಅದು ಏನೂ ಗೊತ್ತಾಗಲ್ಲ. ಗಾಳಿ ಹೋಗೋ ದಿಕ್ಕಿನಲ್ಲಿ ಕಿಲೋಮೀಟರ್‌ಗಟ್ಟಲೆ ದೂರ ಇರೋ ಗಂಡು ತನ್ನ ಅಗಲ ಮೀಸೆಯಲ್ಲಿ ಅದರ ಕೆಲವೇ ಅಣುಗಳನ್ನ ಹಿಡಿದು, ಗಾಳಿಗೆ ಎದುರಾಗಿ ಹಾರ್ತಾ, ವಾಸನೆ ತಪ್ಪಿದಾಗ ಎಡಕ್ಕೆ ಬಲಕ್ಕೆ ತಿರುಗಿ ಮತ್ತೆ ಹಿಡಿದು ಹೆಣ್ಣಿನ ಹತ್ತಿರ ಬಂದು ಸೇರತ್ತೆ. ಗಂಡು ಬಂದ ಮೇಲೆ ಎರಡೂ ಗಂಟೆಗಟ್ಟಲೆ ಜೊತೆಗೇ ಇರ್ತಾವೆ. ಗೋಡೆ ಮೇಲೆ ಎರಡು ಪತಂಗ ಹೊಟ್ಟೆ ತುದಿ ಕೂಡಿಸಿಕೊಂಡು ಅಲ್ಲಾಡದೆ ಕೂತಿದ್ರೆ ಅಂಟಿಕೊಂಡುಬಿಟ್ಟಿವೆ ಅಂತ ಬಿಡಿಸೋಕೆ ಹೋಗಬೇಡಿ.

ಮೊಟ್ಟೆ ಎಷ್ಟು ಇಡತ್ತೆ, ಎಲ್ಲಿ ಇಡತ್ತೆ?

ಸುಮಾರು 100ರಿಂದ 300ರ ತನಕ, ಎಲೆಯ ಕೆಳಮೈಗೆ, ಒಂದೇ ಕಡೆ ಅಲ್ಲ, ಅಲ್ಲಲ್ಲಿ ಕೆಲವು. ಒಂದೊಂದು ಮೊಟ್ಟೆ 2.5 ಮಿ.ಮೀ. ಆಸುಪಾಸು, ಕೆಂಪು-ಕಂದು ಬಣ್ಣ. ಎಂಟರಿಂದ ಹದಿನಾಲ್ಕು ದಿನದೊಳಗೆ ಒಡೆಯತ್ತೆ.

ಗೋಡೆಗೇ ಮೊಟ್ಟೆ ಇಟ್ಟುಬಿಟ್ಟಿದೆ, ಮರಿ ಬದುಕ್ತಾವಾ?

ಲೈಟಿಗೆ ಬಂದು ಸಿಕ್ಕಿಹಾಕ್ಕೊಂಡ ಹೆಣ್ಣು ಹೀಗೆ ಮಾಡೋದುಂಟು. ಗಂಡು ಸಿಗದೆ ಇದ್ರೂ ಮೊಟ್ಟೆ ಇಡತ್ತೆ, ಅವು ಒಡೆಯಲ್ಲ. ಒಡೆಯೋ ಮೊಟ್ಟೆಗಳಾದ್ರೆ ಮರಿಗಳಿಗೆ ಗೋಡೆ ಮೇಲೆ ತಿನ್ನೋಕೆ ಏನಿರತ್ತೆ? ಮೊದಲು ಮೊಟ್ಟೆ ಚಿಪ್ಪನ್ನೇ ತಿಂತಾವೆ, ಆಮೇಲೆ ಎಲೆ ಸಿಗದಿದ್ರೆ ಹಸಿವಿಂದ ಸಾಯ್ತಾವೆ. ಮೊಟ್ಟೆ ಗಟ್ಟಿಯಾಗಿ ಅಂಟಿರೋದ್ರಿಂದ ಕೆರೆದು ತೆಗೆಯೋಕೆ ಹೋಗಬೇಡಿ, ಒಡೆದು ಹೋಗತ್ತೆ. ದಿನಾ ಒಂದು ಸಲ ನೋಡ್ತಾ ಇದ್ದು ಮರಿ ಹೊರಗೆ ಬಂದಾಗ ಮೆತ್ತನೆ ಬ್ರಷ್ಷಲ್ಲಿ ಎತ್ತಿ ಸೀಬೆ ಅಥವಾ ದಾಲ್ಚಿನ್ನಿ ಗಿಡದ ಎಳೆ ಎಲೆ ಮೇಲೆ ಬಿಟ್ರೆ ಸಾಕು. ಬೆರಳಲ್ಲಿ ಹಿಡಿಯಬೇಡಿ, ಆ ವಯಸ್ಸಲ್ಲಿ ತುಂಬಾ ಮೆತ್ತಗೆ ಇರ್ತಾವೆ.

ಹುಳ ಹೇಗಿರತ್ತೆ? ಕಂಬಳಿಹುಳದ ಥರನಾ?

ಇಲ್ಲ, ಕಂಬಳಿಹುಳದ ರೋಮ ಇದಕ್ಕಿಲ್ಲ. ಹೊಸದಾಗಿ ಒಡೆದು ಬಂದಾಗ ಸಣ್ಣ ಕಪ್ಪು ಮೈ, ಮೇಲೆ ಬಿಳಿ ಬಿಳಿ ಮುಳ್ಳಿನಂಥ ಮೊನೆಗಳು. ಬೆಳೀತಾ ಬೆಳೀತಾ ಮೈ ತಿಳಿಹಸಿರು-ನೀಲಿ ಬಣ್ಣಕ್ಕೆ ತಿರುಗತ್ತೆ, ಬೆನ್ನ ಮೇಲೆ ಸಾಲಾಗಿ ಮೆತ್ತನೆ ಮಾಂಸದ ಮೊನೆಗಳು, ಇಡೀ ಮೈಗೆ ಹಿಟ್ಟು ಉದುರಿಸಿದ ಹಾಗೆ ಬಿಳಿ ಮೇಣದ ಪುಡಿ. ಹಿಂಭಾಗದ ಕೊನೆಯ ಜೊತೆ ಕಾಲಿನ ಪಕ್ಕ ಕಿತ್ತಳೆ-ಕೆಂಪು ಬಣ್ಣದ ಗುರುತು ಇರತ್ತೆ, ಪಕ್ಕಾ ಮಾಡಿಕೊಳ್ಳೋಕೆ ಅದು ಒಳ್ಳೆ ಗುರುತು. ಬೆಳೆಯೋವಾಗ ಚರ್ಮ ಸಾಲದೆ ಸಾಲದೆ ಹಲವು ಸಲ ಪೊರೆ ಬಿಡತ್ತೆ, ರೇಷ್ಮೆ ಸಾಕೋರು ಜ್ವರಕ್ಕೆ ಕೂರೋದು ಅಂತಾರಲ್ಲ ಅದೇ. ಆಗ ಒಂದೆರಡು ದಿನ ತಿನ್ನದೆ ತಲೆ ಎತ್ತಿಕೊಂಡು ಅಲ್ಲಾಡದೆ ಇರತ್ತೆ, ಸತ್ತಿದೆ ಅಂತ ತಿಳಿದು ಕಿತ್ತು ಎಸೀಬೇಡಿ. ಕೊನೆಗೆ 10-12 ಸೆಂ.ಮೀ. ಉದ್ದ, ಹೆಬ್ಬೆರಳಿಗಿಂತ ದಪ್ಪ ಆಗಿರತ್ತೆ. ಇಷ್ಟೆಲ್ಲ ಆಗೋಕೆ ಐದಾರು ವಾರ.

ಅಷ್ಟು ಸಣ್ಣ ಮೊಟ್ಟೆಯಿಂದ ಬಂದದ್ದು ಇಷ್ಟು ಆಗೋದು ಬರೀ ಎಲೆ ತಿಂದು. ಮುಂದೆ ಬಾಯಿಲ್ಲದ ಪತಂಗ ಹಾರೋ ಒಂದೊಂದು ಮೀಟರ್ ಕೂಡ ಈ ಐದಾರು ವಾರದ ಊಟದಿಂದಲೇ ಬರೋದು. ಈ ಹಂತದಲ್ಲಿ ಮೇವು ಕಮ್ಮಿ ಸಿಕ್ಕಿದ್ರೆ ಪತಂಗ ಸಣ್ಣದಾಗತ್ತೆ, ಹೆಣ್ಣಾದ್ರೆ ಮೊಟ್ಟೆಯೂ ಕಮ್ಮಿ.

ಯಾವ ಯಾವ ಗಿಡದ ಎಲೆ ತಿನ್ನತ್ತೆ?

ಇದು ಒಂದೇ ಗಿಡಕ್ಕೆ ಅಂಟಿಕೊಂಡಿರೋ ಜಾತಿ ಅಲ್ಲ. ದಾಲ್ಚಿನ್ನಿ ಮತ್ತು ಅದರ ಕಾಡು ಬಂಧುಗಳು, ಸೀಬೆ, ನಿಂಬೆ-ಕಿತ್ತಳೆ ಜಾತಿ, ಸೀತಾಫಲದ ಜಾತಿ, ಬೆಣ್ಣೆಹಣ್ಣು, ಹೀಗೆ ಬೇರೆ ಬೇರೆ ಕುಟುಂಬದ ಗಿಡಗಳಲ್ಲಿ ಬೆಳೆಯತ್ತೆ. ಒಂದು ಗಿಡದಲ್ಲಿ ಶುರು ಮಾಡಿದ ಹುಳವನ್ನ ಮಧ್ಯದಲ್ಲಿ ಬೇರೆ ಗಿಡಕ್ಕೆ ಬಿಟ್ರೆ ಕೆಲವು ತಿನ್ನೋದೇ ನಿಲ್ಲಿಸಿಬಿಡ್ತಾವೆ, ಹಾಗಾಗಿ ಯಾವ ಗಿಡದಲ್ಲಿ ಸಿಕ್ತೋ ಅದೇ ಜಾತಿ ಗಿಡಕ್ಕೆ ಬಿಡೋದು ಒಳ್ಳೇದು.

ನಮ್ಮ ಸೀಬೆ ಗಿಡದ ಎಲೆ ಬೋಳಾಗ್ತಿದೆ, ಔಷಧಿ ಹೊಡೀಲಾ?

ಬೇಡ. ಇದನ್ನ ಯಾರು ಕೇಳಿದ್ರೂ ನಾನು ಬೇಡ ಅಂತಲೇ ಹೇಳೋದು, ಕಾರಣ ಕೇಳಿ. ಒಂದು ಗಿಡದಲ್ಲಿ ಸಾಮಾನ್ಯವಾಗಿ ಬೆರಳೆಣಿಕೆಯಷ್ಟು ಹುಳ ಇರೋದು, ಕೊನೆಯ ಎರಡು ವಾರ ಅವು ಜೋರಾಗಿ ತಿಂತಾವೆ, ಗಿಡ ನೋಡೋಕೆ ಬೇಜಾರಾಗತ್ತೆ ನಿಜ, ಆದ್ರೆ ಬೇರು ಗಟ್ಟಿಯಾದ ಸೀಬೆ ಗಿಡ ಮುಂದಿನ ಮಳೆಗೆ ಮತ್ತೆ ಚಿಗುರತ್ತೆ. ಹುಳ ಗಿಡದ ಕಾಂಡ ಕೊರೆಯಲ್ಲ, ಕಾಯಿ ಒಳಗೆ ಹೋಗಲ್ಲ, ಬೇರಿಗೆ ಏನೂ ಮಾಡಲ್ಲ, ಬರೀ ಎಲೆ. ಗಿಡ ತೀರಾ ಸಣ್ಣದು, ಇತ್ತೀಚೆಗೆ ನೆಟ್ಟಿದ್ದು ಅಂತಾದ್ರೆ ಹುಳ ಕೂತಿರೋ ರೆಂಬೆಯನ್ನೇ ಕತ್ತರಿಸಿ ಅದೇ ಜಾತಿಯ ದೊಡ್ಡ ಗಿಡಕ್ಕೆ ಸಿಕ್ಕಿಸಿ, ಎಲೆ ಬಾಡೋ ಹೊತ್ತಿಗೆ ಹುಳ ತಾನೇ ಹೊಸ ಎಲೆಗೆ ಹೋಗಿಕೊಳ್ಳತ್ತೆ. ಔಷಧಿ ಹೊಡೆದ್ರೆ ಈ ಹುಳ ಮಾತ್ರ ಅಲ್ಲ, ಇದನ್ನ ಹದ್ದುಬಸ್ತಿನಲ್ಲಿಡೋ ಕಣಜ, ಜೇಡ, ಹೂವಿಗೆ ಬರೋ ಜೇನು ಎಲ್ಲವೂ ಸಾಯ್ತಾವೆ.

ಗೋಡೆ ಮೇಲೆ ಬಂದ ಪತಂಗವನ್ನ ಊರಿಗೆಲ್ಲ ತೋರಿಸಿ ಸಂಭ್ರಮಿಸೋ ಮನೆಯಲ್ಲೇ, ಎರಡು ತಿಂಗಳು ಮುಂಚೆ ಹಿತ್ತಲಿನ ಗಿಡದಲ್ಲಿದ್ದ ಇದೇ ಜೀವವನ್ನ ಥೂ ಹುಳ ಅಂತ ಕೋಲಲ್ಲಿ ಹೊಡೆದು ಕೆಳಗೆ ಬೀಳಿಸಿರ್ತಾರೆ. ಅಲ್ಲಿ ಬದುಕಿದ್ರೆ ತಾನೇ ಇಲ್ಲಿ ಬರೋದು?

ಹುಳ ಮುಟ್ಟಿದ್ರೆ ತುರಿಕೆ ಆಗತ್ತಾ?

ಚುಚ್ಚೋ ವಿಷದ ರೋಮ ಇದಕ್ಕಿಲ್ಲ. ಅಡಿಕೆ, ತೆಂಗು, ಕಾಫಿ ಗಿಡದಲ್ಲಿ ಸಿಗೋ ಮುಟ್ಟಿದ ಕೂಡ್ಲೇ ಬೆಂಕಿ ಹಚ್ಚಿದ ಹಾಗೆ ಉರಿಯೋ ಚಪ್ಪಟೆ ಹಸಿರು ಹುಳಗಳು ಬೇರೆ ಗುಂಪಿನವು. ಅಟ್ಲಾಸ್ ಹುಳಕ್ಕೆ ಇನ್ನೊಂದು ಉಪಾಯ ಇದೆ, ತುಂಬಾ ಕೆಣಕಿದ್ರೆ ಮೈಯಿಂದ ಘಾಟು ವಾಸನೆಯ ದ್ರವ ಚಿಮ್ಮಿಸತ್ತೆ, ಇರುವೆ ಮತ್ತು ಹಲ್ಲಿಗಳನ್ನ ದೂರ ಇಡೋಕೆ. ಕಣ್ಣಿಗೆ ಬಿದ್ರೆ ಉರಿಯಬಹುದು, ಮುಖ ಹತ್ತಿರ ಇಟ್ಕೊಂಡು ಆಡಿಸೋದು ಬೇಡ, ಮಕ್ಕಳಿಗೂ ಇಷ್ಟು ಹೇಳಿಕೊಡಿ.

ಗೂಡು ಹೇಗೆ ಕಟ್ಟತ್ತೆ?

ತಿಂದು ಮುಗಿದ ಮೇಲೆ ಹುಳ ಒಂದು ಎಲೆ ಆರಿಸಿಕೊಂಡು ಮೊದಲು ಎಲೆಯ ತೊಟ್ಟನ್ನ ರೆಂಬೆಗೆ ರೇಷ್ಮೆ ದಾರದಿಂದ ಬಿಗಿಯಾಗಿ ಸುತ್ತತ್ತೆ. ಇದು ನೋಡೋಕೆ ಸಣ್ಣ ವಿಷಯ ಅನ್ಸತ್ತೆ, ಆದ್ರೆ ಇಡೀ ಕೆಲಸದ ಜಾಣತನ ಇಲ್ಲೇ ಇರೋದು, ಯಾಕಂದ್ರೆ ಎಲೆ ಒಣಗಿ ಉದುರೋ ಕಾಲ ಬಂದಾಗಲೂ ಆ ದಾರದ ಬಲದಲ್ಲೇ ಗೂಡು ಕೆಳಗೆ ಬೀಳದೆ ನೇತಾಡ್ತಾ ಇರತ್ತೆ. ಆಮೇಲೆ ಎಲೆ ಮಡಚಿ ಒಳಗೆ ಕಾಗದದಂಥ ಗಟ್ಟಿ ಕಂದು ಗೂಡು, 7-8 ಸೆಂ.ಮೀ. ಉದ್ದ. ಹೊರಗಿಂದ ನೋಡಿದ್ರೆ ಮುದುರಿದ ಒಣಎಲೆ ಅಷ್ಟೆ, ಪಕ್ಕದಲ್ಲೇ ಓಡಾಡಿದ್ರೂ ಗೊತ್ತಾಗಲ್ಲ. ಒಳಗೆ ಹುಳ ಕೊನೆಯ ಪೊರೆ ಬಿಟ್ಟು ಪ್ಯೂಪಾ ಆಗತ್ತೆ. ತೇವ ಇರೋ ಕಾಲದಲ್ಲಿ ನಾಲ್ಕು ವಾರಕ್ಕೆ ಪತಂಗ ಹೊರಗೆ, ಒಣಕಾಲ ಎದುರಾದ್ರೆ ಬೆಳವಣಿಗೆ ನಿಲ್ಲಿಸಿ ತಿಂಗಳುಗಟ್ಟಲೆ ಹಾಗೇ ಕಾಯತ್ತೆ.

ಅದಕ್ಕೇ ಬೇಸಿಗೆಯಲ್ಲಿ ಬೇಲಿ ಸವರೋವಾಗ, ಗಿಡ ಪ್ರೂನಿಂಗ್ ಮಾಡೋವಾಗ ಒಣಎಲೆ ಒಂದು ನೇತಾಡ್ತಾ ಇದ್ದು ಕಿತ್ರೂ ಬರ್ತಿಲ್ಲ ಅಂದ್ರೆ ಒಂದು ನಿಮಿಷ ನಿಂತು ನೋಡಿ. ಅಂಥ ರೆಂಬೆ ಕತ್ತರಿಸಲೇಬೇಕಾದ್ರೆ ರೆಂಬೆ ಸಮೇತ ಒಯ್ದು ನೆರಳಲ್ಲಿ ಬೇರೆ ಗಿಡಕ್ಕೆ ಅದೇ ಥರ ನೇತಾಡೋ ಹಾಗೆ ಕಟ್ಟಿ. ಒಣಸೊಪ್ಪಿನ ಜೊತೆ ಬೆಂಕಿಗೆ ಹಾಕಬೇಡಿ.

ಗೂಡು ಸಿಕ್ಕಿದೆ, ಮನೆಯಲ್ಲಿ ಡಬ್ಬದಲ್ಲಿಟ್ಟು ಪತಂಗ ಬರೋದು ನೋಡಬಹುದಾ?

ಡಬ್ಬದಲ್ಲಿ ಬೇಡವೇ ಬೇಡ. ಪತಂಗ ಗೂಡಿಂದ ಬಂದ ಕೂಡ್ಲೇ ಹತ್ತಿ, ರೆಕ್ಕೆ ಕೆಳಗೆ ಮಾಡಿ ನೇತಾಡೋಕೆ ಜಾಗ ಬೇಕು. ಜಾಗ ಇಲ್ಲದಿದ್ರೆ ರೆಕ್ಕೆ ಮುದುರಿದ ಹಾಗೇ ಒಣಗಿ ಗಟ್ಟಿಯಾಗಿಬಿಡತ್ತೆ, ಆಮೇಲೆ ಅದನ್ನ ಸರಿ ಮಾಡೋಕೆ ಯಾವ ದಾರಿಯೂ ಇಲ್ಲ. ನೋಡಲೇಬೇಕು ಅಂದ್ರೆ ಗೂಡನ್ನ ಗಿಡದಲ್ಲೇ ಬಿಟ್ಟು ಅಲ್ಲೇ ಹೋಗಿ ನೋಡಿ.

ಗೂಡಿಂದ ಹೇಗೆ ಹೊರಗೆ ಬರತ್ತೆ?

ಗೂಡು ಕಟ್ಟೋವಾಗಲೇ ಮೇಲ್ತುದಿಯಲ್ಲಿ ಬಾಗಿಲು ಬಿಟ್ಟಿರತ್ತೆ, ಎಳೆಗಳು ಸಡಿಲವಾಗಿ ಕೂಡಿಕೊಂಡಿರೋ ಜಾಗ, ಒಳಗಿಂದ ತಳ್ಳಿದ್ರೆ ತೆರೆಯತ್ತೆ, ಹೊರಗಿಂದ ಬರೋಕೆ ಕಷ್ಟ. ಹೊರಗೆ ಬಂದಾಗ ಹೊಟ್ಟೆ ಊದಿರತ್ತೆ, ರೆಕ್ಕೆ ಒದ್ದೆಯಾಗಿ ಮುದುರಿ ಪುಟ್ಟದಾಗಿರತ್ತೆ, ಎಷ್ಟೋ ಜನ ಅಂಗವಿಕಲ ಪತಂಗ ಅಂತ ಗಾಬರಿಯಾಗ್ತಾರೆ. ಅದು ಹತ್ತಿರದ ಕಡ್ಡಿಗೆ ನೇತುಕೊಂಡು ಮೈಯ ದ್ರವವನ್ನ ರೆಕ್ಕೆಯ ನರಗಳಿಗೆ ತಳ್ಳತ್ತೆ, ನಮ್ಮ ಕಣ್ಣೆದುರೇ ರೆಕ್ಕೆ ಇಳಿಬಿದ್ದು ದೊಡ್ಡದಾಗತ್ತೆ, ಆಮೇಲೆ ಒಣಗಿ ಗಟ್ಟಿಯಾಗೋಕೆ ಕೆಲವು ಗಂಟೆ. ಆ ಹೊತ್ತಲ್ಲಿ ಮುಟ್ಟೋದು, ಊದೋದು, ಜಾಗ ಬದಲಿಸೋದು ಯಾವುದೂ ಮಾಡಬಾರದು. ಕೆಳಗೆ ಕಂದು ದ್ರವ ಬಿದ್ದಿದ್ರೆ ಅದು ರಕ್ತ ಅಲ್ಲ, ಪ್ಯೂಪಾ ಹಂತದಲ್ಲಿ ಉಳಿದ ಕಸವನ್ನ ಹೊರಗೆ ಹಾಕಿರೋದು.

ರೇಷ್ಮೆ ಕುಟುಂಬದ್ದು ಅಂದ್ರಿ, ಇದರಿಂದ ರೇಷ್ಮೆ ತೆಗೀಬಹುದಾ?

ಇದರ ಗೂಡಿನ ನೂಲಿಗೆ ಫಗಾರ ರೇಷ್ಮೆ ಅಂತ ಹೆಸರೂ ಇದೆ, ಕಂದು ಬಣ್ಣ, ಉಣ್ಣೆಯಂಥ ಗುಣ, ಬಾಳಿಕೆ ಚೆನ್ನಾಗಿದೆ. ಆದ್ರೆ ಹಿಪ್ಪುನೇರಳೆ ರೇಷ್ಮೆ ಥರ ಒಂದೇ ಉದ್ದ ಎಳೆಯಾಗಿ ಬಿಚ್ಚೋಕೆ ಬರಲ್ಲ, ತುಂಡು ತುಂಡು ಎಳೆಗಳನ್ನ ಹಿಂಜಿ ನೂಲಬೇಕು. ಹಾಗಾಗಿ ದೊಡ್ಡ ಮಟ್ಟದ ಸಾಕಣೆ ಬೆಳೆದಿಲ್ಲ. ತೈವಾನ್‌ನಲ್ಲಿ ಖಾಲಿ ಗೂಡಿಗೇ ಜಿಪ್ ಹಾಕಿ ಚಿಲ್ಲರೆ ಇಡೋ ಪರ್ಸ್ ಮಾಡ್ತಾರೆ. ಇದೇ ಕುಟುಂಬದ ಏರಿ ಪತಂಗವನ್ನ ಅಸ್ಸಾಂ, ಮೇಘಾಲಯ ಕಡೆ ಹರಳೆಲೆ ತಿನ್ನಿಸಿ ಸಾಕ್ತಾರೆ, ಅದೂ ನೂಲೋ ರೇಷ್ಮೆಯೇ.

ರೆಕ್ಕೆ ತುದಿಯ ಹಾವಿನ ತಲೆ ನಿಜಕ್ಕೂ ಹೆದರಿಸೋಕಾ?

ನಾಗರಹಾವಿನ ತಲೆಯನ್ನ ಪಕ್ಕದಿಂದ ನೋಡಿದ ಹಾಗೆ ಕಣ್ಣು, ಬಾಯಿ ಗೆರೆ ಎಲ್ಲ ಇರತ್ತೆ. ಕೆಣಕಿದ್ರೆ ಹಾರಿಹೋಗೋ ಬದಲು ಕೆಳಗೆ ಬಿದ್ದು ರೆಕ್ಕೆಯನ್ನ ನಿಧಾನಕ್ಕೆ ಆಡಿಸತ್ತೆ, ಆಗ ಆ ತಲೆಗಳು ಹೊಯ್ದಾಡಿದ ಹಾಗೆ ಕಾಣತ್ತೆ. ಹಕ್ಕಿಗಳನ್ನ ಹೆದರಿಸೋಕೆ ಅನ್ನೋ ವಿವರಣೆ ತುಂಬಾ ಹಳೇದು, ಎಲ್ಲರಿಗೂ ಗೊತ್ತಿರೋದೂ ಅದೇ.

ನನಗೆ ಇದಕ್ಕಿಂತ ಹೆಚ್ಚು ಆಶ್ಚರ್ಯ ಆಗೋದು ಆ ತುದಿಯ ರಾತ್ರಿ ಕೆಲಸ. ಈ ಕುಟುಂಬದ ಪತಂಗಗಳಿಗೆ ಕಿವಿ ಇಲ್ಲ, ಬಾವಲಿ ಕೂಗಿಕೊಂಡು ಹತ್ತಿರ ಬರ್ತಿದ್ರೂ ಗೊತ್ತಾಗಲ್ಲ. ಬಾವಲಿ ತನ್ನ ಕೂಗಿನ ಪ್ರತಿಧ್ವನಿ ಕೇಳಿ ಬೇಟೆ ಎಲ್ಲಿದೆ ಅಂತ ಲೆಕ್ಕ ಹಾಕತ್ತಲ್ಲ, ಬ್ರಿಟನ್ನಿನ ಬ್ರಿಸ್ಟಲ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ತೋರಿಸಿದ್ದು ಏನಂದ್ರೆ ಇಂಥ ಪತಂಗಗಳ ಮುಂದಿನ ರೆಕ್ಕೆ ತುದಿಯ ಮಡಿಕೆ, ಸುಕ್ಕುಗಳು ಮೈಗಿಂತ ಜೋರಾದ ಪ್ರತಿಧ್ವನಿಯನ್ನ ವಾಪಸ್ ಕಳಿಸ್ತಾವೆ. ಅಂದ್ರೆ ಬಾವಲಿಯ ಗುರಿ ಮೈಯಿಂದ ತಪ್ಪಿ ರೆಕ್ಕೆ ತುದಿಗೆ ಹೋಗತ್ತೆ. ತುದಿ ಹರಿದ್ರೂ ಪತಂಗ ಬದುಕತ್ತೆ, ಹೊಟ್ಟೆಗೆ ಬಾಯಿ ಬಿದ್ರೆ ಕಥೆ ಮುಗೀತು. ಹಗಲು ಹಕ್ಕಿಗೆ ಒಂದು, ರಾತ್ರಿ ಬಾವಲಿಗೆ ಇನ್ನೊಂದು, ಒಂದೇ ತುದಿ ಎರಡು ಕೆಲಸಕ್ಕೆ.

ರೆಕ್ಕೆ ತುದಿ ಹರಿದಿದೆ, ಏನಾದ್ರೂ ಮಾಡಬೇಕಾ?

ಏನೂ ಬೇಡ. ಅದು ಗಾಯ ಅಲ್ಲ, ನೋವೂ ಇಲ್ಲ. ಅಂಟು ಟೇಪ್ ಎಲ್ಲ ಹಚ್ಚೋಕೆ ಹೋಗಬೇಡಿ.

300 ಮೊಟ್ಟೆ ಇಟ್ರೂ ಯಾಕೆ ಅಪರೂಪಕ್ಕೆ ಕಾಣೋದು?

ಬಹುಪಾಲು ಬದುಕಲ್ಲ, ಅದಕ್ಕೆ. ಮೊಟ್ಟೆಯೊಳಗೇ ತಮ್ಮ ಮೊಟ್ಟೆ ಇಡೋ ಸಣ್ಣ ಕಣಜಗಳಿವೆ, ಹುಳದ ಮೈಮೇಲೆ ಮೊಟ್ಟೆ ಇಟ್ಟು ಒಳಗಿಂದ ತಿನ್ನೋ ಪರಾವಲಂಬಿ ನೊಣಗಳಿವೆ, ಇರುವೆ, ಜೇಡ, ಹಕ್ಕಿ, ಹಲ್ಲಿ ಇವೆ. ಕಾಡಿನ ಊಟದ ಲೆಕ್ಕ ಹಾಗೇ ನಡೆಯೋದು, ಅದರಲ್ಲಿ ಬೇಜಾರು ಮಾಡಿಕೊಳ್ಳೋದು ಏನಿಲ್ಲ. ಬೇಜಾರಾಗೋದು ಆ ಲೆಕ್ಕದ ಮೇಲೆ ನಾವು ಸೇರಿಸಿರೋದಕ್ಕೆ, ಒಂದು ಕೀಟನಾಶಕ, ಇನ್ನೊಂದು ರಾತ್ರಿ ಪೂರ್ತಿ ಉರಿಯೋ ಲೈಟು.

ಲೈಟಿಗೆ ಯಾಕೆ ಬರತ್ತೆ?

ಬೆಳಕು ಇಷ್ಟ ಅಂತ ಬರೋದಲ್ಲ. ರಾತ್ರಿ ಹಾರೋ ಕೀಟಗಳು ಆಕಾಶದ ಕಡೆ ಬೆನ್ನು ಮಾಡಿ ಹಾರ್ತಾವೆ, ಯಾಕಂದ್ರೆ ಆಕಾಶ ಯಾವಾಗಲೂ ನೆಲಕ್ಕಿಂತ ಬೆಳಕು. ಬಲ್ಬ್ ಹತ್ತಿರ ಬಂದಾಗ ಅದನ್ನೇ ಆಕಾಶ ಅಂತ ತಿಳಿದು ಬೆನ್ನು ಅದರ ಕಡೆ ತಿರುಗಿಸ್ತಾವೆ, ದಾರಿ ಬಾಗತ್ತೆ, ಸುತ್ತುಹಾಕ್ತಾ ಅಲ್ಲೇ ಸಿಕ್ಕಿಹಾಕ್ಕೊಳ್ತಾವೆ. 2024ರಲ್ಲಿ ಹೈಸ್ಪೀಡ್ ಕ್ಯಾಮರಾ ಇಟ್ಟು ಮಾಡಿದ ಅಧ್ಯಯನದಲ್ಲಿ ಇದು ಚೆನ್ನಾಗಿ ಗೊತ್ತಾಯ್ತು.

ಈಗ ನಮ್ಮ ಮನೆ ಗೋಡೆ ಮೇಲಿದೆ, ಏನು ಮಾಡ್ಲಿ?

ಫೋಟೋ ತೆಗೀರಿ, ಮನೆಯವರನ್ನೆಲ್ಲ ಕರೆದು ತೋರಿಸಿ, ಆಮೇಲೆ ಹಗಲು ಹಾಗೇ ಬಿಡಿ. ಮುಖ್ಯವಾದ ಕೆಲಸ ಸಂಜೆ, ಆ ಜಾಗದ ಲೈಟ್ ಆಫ್ ಮಾಡಿ. ಕತ್ತಲಾದ ಮೇಲೆ ಮೈ ನಡುಗಿಸಿ ಬಿಸಿ ಮಾಡಿಕೊಂಡು ಅದೇ ಹಾರಿಹೋಗತ್ತೆ. ಬೆಕ್ಕು, ಕೋಳಿ ಇರೋ ಜಾಗ ಅಥವಾ ಜನ ತುಳಿಯೋ ಜಾಗದಲ್ಲಿದ್ರೆ ಒಂದು ಕಡ್ಡಿಯನ್ನ ಮುಂಗಾಲ ಹತ್ತಿರ ಹಿಡೀರಿ, ನಿಧಾನಕ್ಕೆ ಹತ್ತಿಕೊಳ್ಳತ್ತೆ, ಹತ್ತಿರದ ಮರದ ನೆರಳಿಗೆ ಬಿಡಿ. ರೆಕ್ಕೆ ಹಿಡಿದು ಎತ್ತಬೇಡಿ, ಮಕ್ಕಳ ಭುಜದ ಮೇಲೆ ಕೂರಿಸಿ ಫೋಟೋ ತೆಗೆಯೋದೂ ಬೇಡ. ದೂರದ ಕಾಡಿಗೆ ಒಯ್ದು ಬಿಡೋದೂ ಬೇಡ, ಅದರ ಜೊತೆಯ ಪತಂಗಗಳು, ಮೊಟ್ಟೆ ಇಡೋ ಗಿಡ ಎಲ್ಲ ಇಲ್ಲೇ ಸುತ್ತಮುತ್ತ ಇರೋದು.

ಅಂಗಳದಲ್ಲಿ ಲೈಟ್ ಬೇಕೇಬೇಕು ಅನ್ನೋರು ಬಿಳಿ ಬೆಳಕಿನ ಬದಲು ಹಳದಿ ಬಲ್ಬ್ ಹಾಕಿ, ಬೆಳಕು ಕೆಳಗೆ ಮಾತ್ರ ಬೀಳೋ ಹಾಗೆ ಮಾಡಿ, ಮಲಗೋವಾಗ ಆರಿಸಿ.

ರೆಕ್ಕೆಯ ಪುಡಿ ಕಣ್ಣಿಗೆ ಬಿದ್ರೆ ಕುರುಡಾಗ್ತಾರಂತೆ?

ಇಲ್ಲ. ಆ ಪುಡಿ ಅಂದ್ರೆ ಉದುರಿದ ಹುರುಪೆಗಳು, ವಿಷ ಏನಿಲ್ಲ. ಯಾವುದೇ ಧೂಳು ಬಿದ್ರೆ ಆಗೋ ಹಾಗೆ ಕಣ್ಣು ಚುಚ್ಚಬಹುದು, ನೀರಲ್ಲಿ ತೊಳೆದ್ರೆ ಹೋಗತ್ತೆ. ಕಚ್ಚೋಕೆ ಬಾಯಿಲ್ಲ, ಚುಚ್ಚೋಕೆ ಮುಳ್ಳಿಲ್ಲ.

ಮನೆಗೆ ಬಂದ್ರೆ ಅಪಶಕುನ ಅಂತಾರಲ್ಲ?

ಲೈಟ್ ಇತ್ತು, ಬಂತು. ಅದು ಬಂತು ಅಂದ್ರೆ ನಿಮ್ಮ ಮನೆ ಸುತ್ತ ಇನ್ನೂ ಅದಕ್ಕೆ ಬೇಕಾದ ಮರಗಿಡ ಇದೆ ಅಂತ ಅರ್ಥ, ನಾನಂತೂ ಅದನ್ನ ಒಳ್ಳೇ ಸುದ್ದಿ ಅಂತಲೇ ತಗೋತೀನಿ.

ನಾನು ನೋಡಿದ್ದು ಇದೇನಾ ಅಂತ ಡೌಟ್ ಇದೆ, ಬೇರೆ ಯಾವುದಾದ್ರೂ ಇದರ ಥರ ಇದೆಯಾ?

ತಿಳಿಹಸಿರು ಬಣ್ಣ, ಹಿಂದೆ ಉದ್ದ ಬಾಲ ಇದ್ರೆ ಅದು ಮೂನ್ ಮಾತ್, ಚಂದ್ರ ಪತಂಗ. ಕಂದು-ಹಳದಿ ಮೈ, ಪ್ರತಿ ರೆಕ್ಕೆಯಲ್ಲೂ ದುಂಡಗಿನ ಕಣ್ಣಿನಂಥ ಗುರುತು ಇದ್ರೆ ಟಸರ್ ಪತಂಗ. ಗಾಢ ಕಂದು-ಕಪ್ಪು, ಗೂಬೆ ಕಣ್ಣಿನಂಥ ಸುರುಳಿ ಗುರುತು ಮುಂದಿನ ರೆಕ್ಕೆಯಲ್ಲಿ ಮಾತ್ರ ಇದ್ದು ಮನೆಯ ಕತ್ತಲೆ ಮೂಲೆಯಲ್ಲಿ ಕೂತಿದ್ರೆ ಎರೆಬಸ್ ಜಾತಿಯದ್ದು. ತ್ರಿಕೋನದ ಕಿಟಕಿ ಇದ್ರೆ ಮಾತ್ರ ಅಟ್ಲಾಸ್.

ಅಮೆರಿಕದಲ್ಲಿ ಇದನ್ನ ನೋಡಿದ್ರೆ ಸರ್ಕಾರಕ್ಕೆ ತಿಳಿಸಿ ಅಂತ ಸುದ್ದಿ ಓದಿದ್ದೆ, ಅಷ್ಟು ಅಪಾಯಕಾರಿನಾ?

2022ರ ಜುಲೈನಲ್ಲಿ ವಾಷಿಂಗ್ಟನ್ ರಾಜ್ಯದ ಬೆಲ್‌ವ್ಯೂ ಊರಿನ ಒಂದು ಗ್ಯಾರೇಜ್ ಗೋಡೆ ಮೇಲೆ ಅಟಾಕಸ್ ಅಟ್ಲಾಸ್ ಸಿಕ್ತು, ಆ ದೇಶದಲ್ಲಿ ಅದು ಮೊದಲ ದಾಖಲೆ. ಹೊರಗಿನ ಜೀವಿ ಬಂದು ನೆಲೆಯೂರಿದ್ರೆ ಅಲ್ಲಿನ ಗಿಡಗಳಿಗೆ ಏನಾಗತ್ತೋ ಅನ್ನೋ ಮುಂಜಾಗ್ರತೆಗೆ ಅಲ್ಲಿ ಹಾಗೆ ಹೇಳಿದ್ರು. ನಮ್ಮಲ್ಲಿ ಇದು ಹೊರಗಿನದ್ದಲ್ಲ, ಘಟ್ಟದ್ದೇ ಜೀವ, ಇದನ್ನ ತಿನ್ನೋರೂ ಇಲ್ಲೇ ಇದ್ದಾರೆ. ಆ ಸುದ್ದಿ ಓದಿ ಇಲ್ಲಿ ಕೊಲ್ಲೋಕೆ ಹೋಗಬೇಡಿ.

ನೋಡಿದ್ದನ್ನ ಎಲ್ಲಿ ದಾಖಲಿಸಬಹುದು?

ಐನ್ಯಾಚುರಲಿಸ್ಟ್ ಆಪ್ ಇದೆ, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಇದೆ, ಎರಡೂ ಫ್ರೀ. ಊರು, ದಿನಾಂಕ, ಫೋಟೋ ಇದ್ರೆ ಸಾಕು, ಗಂಡೋ ಹೆಣ್ಣೋ ಗೊತ್ತಾಗೋಕೆ ಮೀಸೆ ಸರಿಯಾಗಿ ಕಾಣೋ ಒಂದು ಫೋಟೋ ಸೇರಿಸಿ. ಪ್ರತಿ ವರ್ಷ ಜುಲೈ ಕೊನೆಯಲ್ಲಿ ಪತಂಗ ಸಪ್ತಾಹ ನಡೆಯತ್ತೆ, ಅಮೆರಿಕದಲ್ಲಿ 2012ರಲ್ಲಿ ಶುರುವಾಗಿದ್ದು ಈಗ ನಮ್ಮಲ್ಲೂ ಆಸಕ್ತರು ಬಿಳಿ ಬಟ್ಟೆ ಕಟ್ಟಿ ಲೈಟ್ ಬಿಟ್ಟು ನೋಡ್ತಾರೆ, ಒಂದೆರಡು ಗಂಟೆ ಆದ ಮೇಲೆ ಲೈಟ್ ಆರಿಸೋದು ಮರೀಬಾರದು ಅಷ್ಟೆ. ಆದ್ರೆ ಪತಂಗದ ಫೋಟೋ ಎಲ್ಲರೂ ಹಾಕ್ತಾರೆ, ಹುಳದ್ದು, ಗೂಡಿನದ್ದು ತುಂಬಾ ಕಮ್ಮಿ ಇದೆ. ನಿಮ್ಮ ಹಿತ್ತಲಲ್ಲಿ ಹುಳ ಕಂಡ್ರೆ ಅದು ಯಾವ ಗಿಡದ ಎಲೆ ತಿಂತಿತ್ತು ಅನ್ನೋದನ್ನ ಗಿಡದ ಫೋಟೋ ಸಮೇತ ಹಾಕಿ, ಘಟ್ಟದ ಯಾವ ಭಾಗದಲ್ಲಿ ಇದು ಯಾವ ಗಿಡ ನಂಬಿಕೊಂಡಿದೆ ಅಂತ ತಿಳಿಯೋಕೆ ಅಂಥ ದಾಖಲೆಗಳೇ ಬೇಕಾಗಿರೋದು.